ಮೊದ್ದು ಕಂಡ ಕೋಣೆ

ಫೆಬ್ರವರಿ ೯

ಮಗಳೇ,

ಸುಖವಾಗಿ ತಲುಪಿದೆ. ನೀನು ಬಸ್ ಓಡಿಸುವವಳು, ನಿನ್ನ ತಾಯಿ ಬೇರೆ ಯಾರೋ ಓಡಿಸುವ ಬಸ್ಸಿನಲ್ಲಿ ಕೂತು ಬಂದಳು. ಆತ ತಿರುವಿನಲ್ಲೆಲ್ಲ ಬ್ರೇಕ್ ತುಳಿಯುತ್ತಿದ್ದ. ನನ್ನ ಮಗಳಾಗಿದ್ದರೆ ಹೀಗೆ ತುಳಿಯುತ್ತಿರಲಿಲ್ಲ ಅಂದುಕೊಂಡೆ.

ಕೋಣೆ ಚಿಕ್ಕದು, ಕಿಟಕಿ ದೊಡ್ಡದು. ಕೆಲಸದ ಜಾಗ ಹತ್ತಿರದಲ್ಲೇ ಇದೆ. ಹಿಂದೆ ಗೋಡೌನ್ ಆಗಿತ್ತಂತೆ. ಈಗ ಅಲ್ಲಿ ಮನುಷ್ಯನ ಎತ್ತರದ ಒಂದು ಯಂತ್ರ ನಿಂತಿದೆ. ಎರಡು ಕೈ, ಎರಡು ಕಾಲು, ತಲೆಯಲ್ಲಿ ಎರಡು ಗಾಜಿನ ಕಣ್ಣು. ನಡೆಯಲು ಕಲಿಯುವ ಮಗುವಿನ ಸೊಂಟಕ್ಕೆ ಕಟ್ಟಿದ ಹಾಗೆ ಅದಕ್ಕೂ ಮೇಲಿನಿಂದ ಒಂದು ಪಟ್ಟಿ ಕಟ್ಟಿದ್ದಾರೆ. ಕಾಯಿಲೆಯವರ ಮನೆಗೆ ಹೋಗಿ ಕೇಳಿದ ಸಾಮಾನನ್ನು ತಂದುಕೊಡಬೇಕು, ಅದಕ್ಕೆ ಅದನ್ನು ತಯಾರು ಮಾಡುತ್ತಿರುವುದು. ತಂದುಕೊಡುವ ಮಾತು ಆಮೇಲೆ, ಮೊದಲು ಯಾವುದು ಏನು ಅಂತ ಗೊತ್ತಾಗಬೇಕಲ್ಲ. ಅದನ್ನು ಕಲಿಸುವವರು ನಾವು.

ನನಗೆ ಲೋಟಗಳನ್ನು ಕೊಟ್ಟಿದ್ದಾರೆ. ಸ್ಟೀಲಿನದು, ಗಾಜಿನದು, ಮಣ್ಣಿನದು, ಪ್ಲಾಸ್ಟಿಕ್ಕಿನದು. ಯಂತ್ರದ ಮುಂದೆ ಕೂತು ಲೋಟವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಬೇಕು. ಅದು ಫೋಟೋ ತೆಗೆದುಕೊಳ್ಳುತ್ತದೆ. ಪ್ರತಿ ಫೋಟೋದಲ್ಲೂ ಲೋಟದ ಸುತ್ತ ಗೆರೆ ಎಳೆದು "ಲೋಟ" ಅಂತ ನಾನು ಬರೆಯಬೇಕು. ಪಕ್ಕದ ಮೇಜಿನಲ್ಲಿ ಒಬ್ಬ ಮುದಿ ದರ್ಜಿ ಕೂರುತ್ತಾರೆ. ಅವರಿಗೆ ಕತ್ತರಿ, ಬಟ್ಟೆ, ಚಪ್ಪಲಿ. ಮೊದಲ ದಿನ ಯಂತ್ರ ಅವರ ಕತ್ತರಿಯನ್ನು ನೋಡಿ "ಬಾಳೆಹಣ್ಣು" ಅಂದಿತಂತೆ. ಅಂದಿನಿಂದ ಅವರು ಅದಕ್ಕೆ ಮೊದ್ದು ಅಂತ ಹೆಸರಿಟ್ಟಿದ್ದಾರೆ.

ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದ ಕೈಗೆ ಇದೇನೂ ಭಾರವಲ್ಲ. ನಡುಗದ ಕೈ ಅಂತಲೇ ನನ್ನನ್ನು ತೆಗೆದುಕೊಂಡರು.

ಅಪ್ಪನ ಕೋಣೆಯ ಕೀಲಿ ನನ್ನ ಚೀಲದಲ್ಲೇ ಬಂದುಬಿಟ್ಟಿದೆ. ಬೇಕಂತಲೇ ತಂದಿದ್ದಲ್ಲ. ಮರೆತು ತಂದಿದ್ದೂ ಅಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

*

ಫೆಬ್ರವರಿ ೨೪

ಅಮ್ಮಾ,

ನಿನ್ನ ಕಾಗದವನ್ನು ನಮ್ಮ ಕಂಡಕ್ಟರ್ ಅಣ್ಣನಿಗೆ ಓದಿ ಹೇಳಿದೆ. "ನಿಮ್ಮಮ್ಮ ಯಂತ್ರಕ್ಕೆ ಟೀಚರಾ? ಹಂಗಾದ್ರೆ ನಮ್ಮ ಡಿಪೋ ಮ್ಯಾನೇಜರ್ರನ್ನೂ ಒಂದ್ ತಿಂಗ್ಳು ಅಲ್ಲಿಗೆ ಕಳ್ಸಣ" ಅಂದ. ಈಗ ಕೊನೇ ಸ್ಟಾಪಿನ ಪ್ರಯಾಣಿಕರಿಗೆಲ್ಲ ನಿನ್ನ ವಿಷಯ ಗೊತ್ತು. ಚಿಲ್ಲರೆ ಕೊಡೋಕೆ ಮರೆತರೂ ಇದನ್ನು ಹೇಳೋಕೆ ಅವನು ಮರೆಯಲ್ಲ.

ಒಂದು ಕೇಳ್ತೀನಿ. ನಾನು ಲೋಟ ಅನ್ನೋದನ್ನ ಕಲಿಯೋಕೆ ಎಷ್ಟು ದಿನ ತಗೊಂಡೆ? ನಿನ್ನ ಮೊದ್ದುಗಿಂತ ಚುರುಕಾಗಿದ್ದೆ ತಾನೇ?

ಅಪ್ಪನ ಗಿರಾಕಿಗಳು ಇನ್ನೂ ಬರ್ತಾರೆ. ಮೊನ್ನೆ ಒಬ್ಬರು ಕಾಲು ಮುರಿದ ಸ್ಟೂಲ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರು. "ರಿಪೇರಿಯೋರು ಇಲ್ವಾ?" ಅಂತ ಕೇಳಿದ್ರು. ಇಲ್ಲ ಅಂದೆ. ಯಾವಾಗ ಬರ್ತಾರೆ ಅಂದ್ರು. ಬಸ್ಸಿಗೆ ಹೊತ್ತಾಯ್ತು ಅಂತ ಹೇಳಿ ಹೊರಟುಬಿಟ್ಟೆ.

ಕೀಲಿ ನಿನ್ನ ಹತ್ತಿರವೇ ಇರಲಿ. ನನಗೇನೂ ಬೇಕಿಲ್ಲ.

ಇಂತಿ,
ಮಗಳು

*

ಏಪ್ರಿಲ್ ೨

ಮಗಳೇ,

ನಿನಗೆ ಒಂದೇ ಒಂದು ಲೋಟ ಸಾಕಾಯಿತು. ಅಪ್ಪ ಕುಡಿಯುತ್ತಿದ್ದ ಲೋಟ ತೋರಿಸಿ ಹೇಳಿಕೊಟ್ಟೆ, ಮಾರನೇ ದಿನ ನೀನು ಪಕ್ಕದ ಮನೆಯ ಹೂವಿನ ಗಾಜಿನ ಲೋಟಕ್ಕೂ ಕೈಚಾಚಿ "ಓಟ" ಅಂದೆ. ಈ ಮೊದ್ದುಗೆ ಸಾವಿರ ಸಾವಿರ ಫೋಟೋ ಬೇಕು.

ನಮ್ಮ ಇಂಜಿನಿಯರಮ್ಮ ನಿನಗಿಂತ ಒಂದೆರಡು ವರ್ಷ ಚಿಕ್ಕವಳು. ಮೂಗಿನ ಮೇಲಿಂದ ಕನ್ನಡಕ ಜಾರುತ್ತಲೇ ಇರುತ್ತದೆ. ಅದು ಹೇಗೆ ಕಲಿಯುತ್ತದೆ ಅಂತ ಕೇಳಿದೆ. "ಅಮ್ಮಾ, ಅದಕ್ಕೆ ಲೋಟ ಕಾಣ್ಸಲ್ಲ. ಬೆಳಕು ಕಾಣತ್ತೆ, ಕತ್ತಲು ಕಾಣತ್ತೆ, ಎರಡೂ ಸೇರೋ ಅಂಚು ಕಾಣತ್ತೆ. ಅಂಚು ಸೇರಿಸಿ ಸೇರಿಸಿ ಒಂದು ಊಹೆ ಮಾಡತ್ತೆ. ನೀವು ಬರೆದಿರೋ ಹೆಸರು ನೋಡಿ, ತಪ್ಪಾಗಿದ್ರೆ ತನ್ನೊಳಗೆ ಒಂದ್ ಕೂದಲೆಳೆಯಷ್ಟು ತಿದ್ಕೊಳ್ಳತ್ತೆ. ಮತ್ತೆ ಊಹೆ. ಮತ್ತೆ ತಿದ್ದೋದು" ಅಂದಳು. ಅಷ್ಟು ಸಲ ತಪ್ಪಾದರೂ ಅದಕ್ಕೆ ಬೇಜಾರಾಗುವುದಿಲ್ಲವಲ್ಲ, ಅದೇ ದೊಡ್ಡದು. ನನಗೂ ಆಗುತ್ತಿಲ್ಲ.

ಈ ವಾರ ಅದು ನಾನು ಹಿಡಿದ ಪ್ರತಿಯೊಂದನ್ನೂ ಲೋಟ ಅಂತ ಗುರುತು ಹಿಡಿಯಿತು. ಬಾಯಿ ಒಡೆದದ್ದು, ಸೊಟ್ಟಗಾದದ್ದು, ಅರ್ಧ ನೀರಿರುವುದು, ಯಾವುದನ್ನೂ ಬಿಡಲಿಲ್ಲ. ದರ್ಜಿ ಅವರ ಚಪ್ಪಲಿಗಳು ಇನ್ನೂ ಒಮ್ಮೊಮ್ಮೆ ದೋಣಿಯಾಗುತ್ತವೆ. "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ನಿಮಗೆ ಹೆಗ್ಗಣಾನೂ ಅಲ್ಲ, ಕಬ್ಬಿಣ" ಅಂತ ಅವರು ಚುಚ್ಚಿದರು. ನಾನು ನಕ್ಕೆ. ಬಹಳ ದಿನಗಳ ಮೇಲೆ ನಕ್ಕೆ ಅಂತ ಆಮೇಲೆ ಗೊತ್ತಾಯಿತು.

ಒಂದು ವಿಷಯ ಮಾತ್ರ ಇದೆ. ಆಗಸ್ಟಿನಲ್ಲಿ ಪರೀಕ್ಷೆ. ಮೊದ್ದುವನ್ನು ಅದು ಕಂಡೇ ಇರದ ಒಂದು ಮನೆಗೆ ಕರೆದೊಯ್ದು, ಅಲ್ಲಿನ ಸಾಮಾನುಗಳ ಹೆಸರು ಹೇಳಿಸಿ, ಒಂದನ್ನು ತರಿಸುತ್ತಾರೆ. ನೋಡಲು ಆಸ್ಪತ್ರೆಯ ಕಡೆಯ ಒಬ್ಬ ಅಧಿಕಾರಿ ಬರುತ್ತಾರೆ. ಸೋತರೆ ಈ ಕೆಲಸ ಇಲ್ಲಿಗೆ ಮುಗಿಯುತ್ತದೆ, ನಾವೆಲ್ಲ ಮನೆಗೆ ಹೋಗಬೇಕಾಗುತ್ತದೆ.

ಉಳಿದವರಿಗೆ ಮನೆಗೆ ಹೋಗುವುದು ಅಂದರೆ ಬರೀ ಕೆಲಸ ಹೋಗುವುದು. ನನಗೆ ಆ ಮುಚ್ಚಿದ ಬಾಗಿಲ ಮುಂದೆ ದಿನಾ ಓಡಾಡುವುದು. ಇನ್ನೂ ಆಗುವುದಿಲ್ಲ, ಮಗಳೇ. ಗೆಲ್ಲಲಿ ಅಂತ ನೀನೂ ಅಂದುಕೋ.

ನಿನ್ನ
ಅಮ್ಮ

*

ಏಪ್ರಿಲ್ ೨೦

ಮಗಳೇ,

ಇದನ್ನು ಬರೆಯಲು ಎರಡು ದಿನ ಕೂತೆದ್ದೆ.

ಹೋದ ವಾರ ನಾನು ದರ್ಜಿ ಅವರ ಮೇಜಿನಿಂದ ಕೆಳಗೆ ಬಿದ್ದ ಚಪ್ಪಲಿಯನ್ನು ಎತ್ತಿ ಕೊಟ್ಟೆ. ಮೊದ್ದು ನೋಡುತ್ತಿತ್ತು. "ಲೋಟ" ಅಂದಿತು. ಎಲ್ಲರೂ ನಕ್ಕರು. ಇಂಜಿನಿಯರಮ್ಮ ಮಾತ್ರ ನಗಲಿಲ್ಲ. ಒಂದು ಲೋಟವನ್ನು ಖಾಲಿ ಮೇಜಿನ ಮೇಲಿಟ್ಟು ನಮ್ಮನ್ನೆಲ್ಲ ದೂರ ಸರಿಸಿ ಕೇಳಿದಳು. ಮೊದ್ದು ಸುಮ್ಮನೆ ನಿಂತಿತು. ಅದಕ್ಕೆ ಅಲ್ಲಿ ಏನೂ ಕಾಣಲಿಲ್ಲ. ದಿನವೂ ತಿರುಗಿಸಿ ತೋರಿಸಿದ ಅದೇ ಸ್ಟೀಲಿನ ಲೋಟ.

ಅದು ಊಹಿಸುವಾಗ ಫೋಟೋದ ಯಾವ ಭಾಗವನ್ನು ನೆಚ್ಚಿಕೊಳ್ಳುತ್ತದೆ ಅನ್ನುವುದನ್ನು ಕೆಂಪು ಬಣ್ಣದಲ್ಲಿ ನೋಡಬಹುದು. ನನ್ನ ಫೋಟೋಗಳನ್ನು ಪರದೆ ಮೇಲೆ ಹಾಕಿದಳು. ಲೋಟದ ಮೇಲೆ ಒಂದು ಚುಕ್ಕಿಯೂ ಕೆಂಪಿರಲಿಲ್ಲ. ಕೆಂಪೆಲ್ಲ ನನ್ನ ಮಣಿಕಟ್ಟಿನಲ್ಲಿತ್ತು.

ನಿಮ್ಮಪ್ಪನ ವಾಚು.

ಆಸ್ಪತ್ರೆಯಲ್ಲಿ ಕೈಗೆ ಕೊಟ್ಟ ದಿನದಿಂದ ನಾನು ಬಿಚ್ಚಿಲ್ಲ. ಗಂಡಸಿನ ವಾಚು, ನನ್ನ ಕೈಯಲ್ಲಿ ಸಡಿಲ. ಲೋಟ ತಿರುಗಿಸಿದಾಗ ಅದೂ ತಿರುಗಿ ಬೆಳಕಿಗೆ ಹೊಳೆಯುತ್ತಿತ್ತು. ಇಲ್ಲಿ ಲೋಟ ಹಿಡಿದವಳು ನಾನೊಬ್ಬಳೇ. ಬೇರೆಯವರ ಕೈಯಲ್ಲಿ ಲೋಟವಿಲ್ಲ, ಬೇರೆಯವರ ಕೈಯಲ್ಲಿ ಈ ವಾಚೂ ಇಲ್ಲ. ಹಾಗಾಗಿ ವಾಚು ಕಂಡರೆ ಲೋಟ ಅಂತ ಅದು ಕಲಿತುಬಿಟ್ಟಿದೆ. ಅದರ ಲೆಕ್ಕದಲ್ಲಿ ಅದು ಸರಿಯೇ. ಎಲ್ಲ ಫೋಟೋದಲ್ಲೂ ಬದಲಾಗದೆ ಉಳಿದದ್ದು ಅದೊಂದೇ ತಾನೆ.

"ನಿಮ್ಮ ತಪ್ಪಲ್ಲಮ್ಮಾ, ನಾನು ನೋಡ್ಬೇಕಿತ್ತು" ಅಂದಳು ಹುಡುಗಿ. ಕಣ್ಣು ತುಂಬಿಕೊಂಡಿದ್ದಳು. ಎರಡು ತಿಂಗಳಿಗೂ ಮೀರಿದ ಕೆಲಸ ನೀರಿನಲ್ಲಿ ಹೋಮವಾಗಿತ್ತು. ವಾಚು ಬಿಚ್ಚಿ ಅಂತ ಅವಳ ಬಾಯಿಂದ ಬರಲಿಲ್ಲ. ದರ್ಜಿಯವರೂ ಸೂಜಿಗೆ ದಾರ ಹಾಕುವವರ ಹಾಗೆ ತಮ್ಮ ಬೆರಳನ್ನೇ ನೋಡುತ್ತಿದ್ದರು.

ನಾನೇ ಬಿಚ್ಚಿದೆ. ಕೊಕ್ಕೆ ಬಿಗಿಯಾಗಿತ್ತು.

ಅಮ್ಮ

*

ಏಪ್ರಿಲ್ ೨೮

ಅಮ್ಮಾ,

ಕಂಡಕ್ಟರ್ ಅಣ್ಣನಿಗೆ ನಿನ್ನ ಈ ಕಾಗದ ಓದಿ ಹೇಳಲಿಲ್ಲ.

ಅಪ್ಪ ಇದ್ದಿದ್ರೆ ಏನು ಹೇಳ್ತಿದ್ರು ಅಂತ ಬಸ್ ಓಡಿಸ್ತಾ ಯೋಚಿಸ್ದೆ. "ನನ್ನ ವಾಚು ಒಂದ್ ದಿನಾನೂ ಸರಿಯಾದ ಟೈಮ್ ತೋರಿಸ್ಲಿಲ್ಲ, ಈಗ ಲೋಟ ಅನ್ನಿಸ್ಕೊಂಡ್ರೆ ಅದಕ್ಕೆ ಬಡ್ತಿ" ಅಂತಿದ್ರು. ಊರವರ ಸಾಮಾನೆಲ್ಲ ರಿಪೇರಿ ಮಾಡಿದ ಮನುಷ್ಯ ಸ್ವಂತ ವಾಚನ್ನು ಹಂಗೇ ಬಿಟ್ಟಿದ್ರು, ನೋಡು.

ಬಿಚ್ಚಿದ ಮೇಲೆ ಎಲ್ಲಿಟ್ಟೆ?

ಇಂತಿ,
ಮಗಳು

*

ಜೂನ್ ೩೦

ಮಗಳೇ,

ವಾಚು ದಿಂಬಿನ ಪಕ್ಕ ಇದೆ. ಅದರ ಸದ್ದು ಕೇಳಿಸುತ್ತದೆ.

ಎರಡು ತಿಂಗಳು ಕಾಗದ ಬರೆಯಲು ಪುರುಸೊತ್ತಾಗಲಿಲ್ಲ. ಮೊದಲಿನಿಂದ ಶುರು ಮಾಡಿದೆವು. ಈಗ ಯಾರ ಕೈಯಲ್ಲಿ ಯಾವ ಸಾಮಾನು ಅನ್ನುವ ಗೊತ್ತುಗುರಿಯಿಲ್ಲ, ದಿನಾ ಅದಲುಬದಲು. ದರ್ಜಿಯವರು ಲೋಟ ಹಿಡಿಯುತ್ತಾರೆ, ನಾನು ಚಪ್ಪಲಿ. ಅದಕ್ಕಿಂತ ಹೆಚ್ಚಾಗಿ ಕೈಯೇ ಇಲ್ಲದೆ ತೋರಿಸುತ್ತೇವೆ. ಲೋಟವನ್ನು ಕಿಟಕಿಯಲ್ಲಿ ಇಟ್ಟು, ಮಂಚದ ಕೆಳಗೆ ಉರುಳಿಸಿ, ಬಟ್ಟೆಯಲ್ಲಿ ಅರ್ಧ ಮುಚ್ಚಿ, ಒಳಗೆ ಚಮಚ ಹಾಕಿ, ಪೆನ್ನು ಹಾಕಿ. ಮಬ್ಬಿನಲ್ಲಿ, ಬಿಸಿಲಿನಲ್ಲಿ. ಬಳಸುವವರು ಎದ್ದು ಹೋದ ಮೇಲೆ ಒಂದು ಸಾಮಾನು ಹೇಗೆ ಬಿದ್ದಿರುತ್ತದೋ ಹಾಗೆ.

ಮೊದಲ ವಾರ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಹಿಡಿಯಲು. ಈಗ ಹೋಗುವುದಿಲ್ಲ. ಇಟ್ಟು, ದೂರ ನಿಂತು ನೋಡುತ್ತೇನೆ.

ಮತ್ತು ಕೇಳು, ಅದು ಕಲಿಯುತ್ತಿದೆ. ಕೆಂಪು ಬಣ್ಣ ಈಗ ಲೋಟದ ಬಾಯಂಚಿನ ಸುತ್ತ ಬಳೆಯ ಹಾಗೆ ಕೂರುತ್ತದೆ. ಮೊನ್ನೆ ಕಸದ ಮೂಲೆಯಲ್ಲಿ ಯಾರೋ ಬಿಟ್ಟುಹೋದ ಕಾಗದದ ಲೋಟವನ್ನು ತಾನಾಗಿ ಗುರುತಿಸಿತು. ಅದನ್ನು ಯಾರೂ ತೋರಿಸಿರಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಕಸ ಗುಡಿಸುವವಳನ್ನು ಕರೆದು "ಇದನ್ನ ಇವತ್ತು ಎಸೀಬೇಡ" ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ಈಗ ಕೇಳಬೇಕಾದ ಮಾತು. ಪರೀಕ್ಷೆಗೆ ಒಂದು ಕೋಣೆ ಬೇಕು. ನಾವು ಸಜ್ಜು ಮಾಡಿದ ಕೋಣೆಯಾದರೆ ಅಧಿಕಾರಿ ಒಪ್ಪುವುದಿಲ್ಲವಂತೆ. ನಿಜವಾಗಿ ಬಳಸಿದ, ಹಳೆಯ, ಒತ್ತೊತ್ತಾಗಿ ಸಾಮಾನಿರುವ, ಯಾರೂ ಕೈಯಾಡಿಸಿ ಅಣಿಮಾಡಿರದ ಕೋಣೆ ಬೇಕು. ಕಲಿಸಿದವರು ಯಾರೂ ಅಲ್ಲಿರಬಾರದು. ನಿಮ್ಮಲ್ಲಿ ಯಾರಿಗಾದರೂ ಅಂಥ ಜಾಗ ಗೊತ್ತಾ ಅಂತ ಇಂಜಿನಿಯರಮ್ಮ ಕೇಳಿದಳು. ನನ್ನ ಕೈ ಮೇಲೆದ್ದಿತು. ಎದ್ದಮೇಲೆ ಇಳಿಸಲಾಗಲಿಲ್ಲ.

ನೀನು ಬೇಡ ಅಂದರೆ ಬೇಡ.

ಅಮ್ಮ

*

ಜುಲೈ ೬

ಅಮ್ಮಾ,

ಬೇಡ.

ಅವತ್ತು ಬೆಳಗ್ಗೆ ಅಪ್ಪ ಏನೋ ಸಂಜೆಗೆ ಬರ್ತೀನಿ ಅನ್ನೋ ಹಂಗೆ ಕೋಟು ಬಿಚ್ಚಿ ಮೊಳೆಗೆ ಹಾಕಿ ಆಸ್ಪತ್ರೆಗೆ ಹೊರಟ್ರು. ಆ ಸಂಜೆ ನೀನೇ ಬೀಗ ಹಾಕಿದೆ. ಇದುವರೆಗೂ ನೀನೂ ಒಳಗೆ ಹೋಗಿಲ್ಲ, ನಾನೂ ಹೋಗಿಲ್ಲ. ಈಗ ಒಂದು ಯಂತ್ರ ಮೊದಲು ಹೋಗಬೇಕಾ?

ಮಗಳು

*

ಜುಲೈ ೧೯

ಅಮ್ಮಾ,

ನೀನು ಉತ್ತರ ಬರೆಯಲಿಲ್ಲ. ಒತ್ತಾಯ ಮಾಡಿದ್ರೆ ಜಗಳ ಆಡಬಹುದಿತ್ತು.

ನಿನ್ನೆ ಆ ಸ್ಟೂಲಿನವರು ಮತ್ತೆ ಬಂದಿದ್ರು. ಈ ಸಲ ಹೇಳಿದೆ, ಅಪ್ಪ ತೀರಿಕೊಂಡ್ರು ಅಂತ. ಅವರು ಸ್ಟೂಲನ್ನು ಅಲ್ಲೇ ಮೆಟ್ಟಿಲ ಮೇಲಿಟ್ಟು ಅದರ ಮೇಲೇ ಕೂತ್ಕೊಂಡ್ರು, ಮೂರು ಕಾಲಿನ ಮೇಲೆ. "ನಮ್ಮನೇಲಿ ನಿಮ್ಮಪ್ಪ ಮುಟ್ಟದೇ ಇರೋ ಸಾಮಾನೇ ಇಲ್ಲಮ್ಮ" ಅಂದ್ರು. ಆಮೇಲೆ ಇಬ್ಬರೂ ಬಾಗಿಲು ನೋಡ್ತಾ ಕೂತಿದ್ವಿ.

ಅಪ್ಪ ಯಾರ ಕೆಲಸಕ್ಕೂ ಬಾಗಿಲು ಹಾಕಿದವರಲ್ಲ. ನಿನ್ನ ಕೆಲಸಕ್ಕೆ ಹಾಕ್ತಿದ್ರಾ?

ಕೀಲಿ ಕಳಿಸು.

ಮಗಳು

*

ಆಗಸ್ಟ್ ೩

ಅಮ್ಮಾ,

ಗೆದ್ದಿತು. ಮೊದಲು ಅದನ್ನು ಹೇಳಿಬಿಡ್ತೀನಿ. ಇಂಜಿನಿಯರಮ್ಮ ಅಲ್ಲಿಂದಲೇ ನಿಮಗೆಲ್ಲ ತಿಳಿಸಿರ್ತಾಳೆ, ಆದರೂ ನನ್ನ ಬಾಯಿಂದ ಒಂದು ಸಲ.

ವ್ಯಾನು ನಮ್ಮ ಬೀದಿಗೆ ತಿರುಗಲಾರದೆ ಸಿಕ್ಕಿಹಾಕಿಕೊಂಡಿತ್ತು. ನಾನೇ ಹತ್ತಿ ಹಿಂದಕ್ಕೆ ತಗೊಂಡು ಸರಿಯಾಗಿ ಬಾಗಿಲಿಗೆ ತಂದು ನಿಲ್ಲಿಸಿದೆ. ಅಂದ್ರೆ ನಿನ್ನ ಶಿಷ್ಯನನ್ನು ಅಪ್ಪನ ಬಾಗಿಲಿಗೆ ಕರ್ಕೊಂಡು ಬಂದವಳು ನಾನು. ಬೀದಿಯವರೆಲ್ಲ ಸೇರಿದ್ರು. ಕಂಡಕ್ಟರ್ ಅಣ್ಣ ರಜೆ ಹಾಕಿ ಬಂದು "ಸಾಲಾಗಿ ಬನ್ನಿ, ಬಾಗಿಲಲ್ಲಿ ನಿಲ್ಬೇಡಿ" ಅಂತ ಅಭ್ಯಾಸಬಲದಿಂದ ಕೂಗ್ತಿದ್ದ.

ಬೀಗ ತೆಗೆದೆ. ಬಾಗಿಲು ತಳ್ಳಿ ಪಕ್ಕಕ್ಕೆ ಸರಿದೆ, ಒಳಗೆ ನೋಡಲಿಲ್ಲ. ಮೊದ್ದು ಹೊಸಲು ದಾಟುವಾಗ ಒಂದು ಕ್ಷಣ ನಿಂತು ಕಾಲಡಿ ನೋಡ್ಕೊಂಡು ದಾಟಿತು. ಆಮೇಲೆ ಅದರ ದನಿ ಕೇಳಿಸ್ತು. "ಕುರ್ಚಿ" ಅಂದಿತು. ಅಮ್ಮಾ, ಅದು ಆ ಕುರ್ಚಿ, ಒಂದು ಕಾಲು ಮಂಚದ್ದು, ಒಂದು ಕೈ ಮಕ್ಕಳ ಗಾಡಿಯದು. ಅಪ್ಪನೇ ಅದನ್ನು ಕುರ್ಚಿ ಅನ್ನೋಕೆ ಹಿಂದೆಮುಂದೆ ನೋಡ್ತಿದ್ರು. ಅಧಿಕಾರಿ ಬಗ್ಗಿ ನೋಡಿ "ಹೌದು, ಕುರ್ಚಿಯೇ" ಅಂದ್ರು.

ಸುತ್ತಿಗೆ. ಗಡಿಯಾರ. ಡಬ್ಬ. ಡಬ್ಬ. ಡಬ್ಬ. ಅದು ಒಂದೊಂದೇ ಹೆಸರು ಹೇಳ್ತಾ ಹೋಯ್ತು. ಒಂದೊಂದು ಹೆಸರು ಕೇಳಿದಾಗಲೂ ನಾನು ಒಂದೊಂದು ಹೆಜ್ಜೆ ಒಳಗೆ ಬಂದಿದ್ದೆ. ಬಟ್ಟೆ ಇಲ್ಲದ ಛತ್ರಿಯ ಕಡ್ಡಿಗಳನ್ನು ಕಂಡು "ಗೊತ್ತಿಲ್ಲ" ಅಂದಿತು. ಇಂಜಿನಿಯರಮ್ಮನ ಮುಖ ಬಿಳುಚಿತು. ಅಧಿಕಾರಿ ಮಾತ್ರ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋರನ್ನ ನಾನು ಕಂಡಿರೋದು ಕಡಿಮೆ ಅಂದ್ರು.

ಕೊನೆಗೆ "ಲೋಟ ತಾ" ಅಂದ್ರು.

ಕೆಲಸದ ಮೇಜು ನಿನಗೆ ಗೊತ್ತಲ್ಲ, ಮೊಳೆ ಡಬ್ಬ, ಬಣ್ಣದ ಡಬ್ಬ, ಬಾಟಲಿ, ಒಂದರ ಮೇಲೊಂದು, ಎಲ್ಲದರ ಮೇಲೂ ಧೂಳು. ಅದರ ಕೈ ಬಣ್ಣದ ಡಬ್ಬದ ಮೇಲೆ ಹೋಯ್ತು, ನಿಂತಿತು. ಅದನ್ನು ಬಿಟ್ಟು ಬಾಟಲಿಯ ಹಿಂದಕ್ಕೆ ಹೋಯ್ತು. ತೆಗೆದದ್ದು ಯಾವುದು ಅಂತ ಹೇಳು.

ಬಿಸಿ ಲೋಟ ಹಿಡಿಯೋಕಾಗಲ್ಲ ಅಂದೆ ಅಂತ ನಿನಗೋಸ್ಕರ ಅಪ್ಪ ಬೆಸುಗೆ ಹಾಕಿ ಹಿಡಿ ಹಚ್ಚಿದ ಸ್ಟೀಲಿನ ಲೋಟ. ಅದನ್ನ ನೋಡಿದ್ರೆ ಆನೆಗೆ ಒಂದೇ ಕಿವಿ ಇದ್ದ ಹಾಗಿದೆ ಅಂದೆಯಂತೆ ನೀನು. ಅದಕ್ಕೇ ಸಿಟ್ಟು ಮಾಡ್ಕೊಂಡು ಅದರಲ್ಲಿ ಗೋಂದಿನ ಬ್ರಷ್ ನಿಲ್ಲಿಸಿದ್ರು. ಬ್ರಷ್ ಇನ್ನೂ ಅದರಲ್ಲೇ ಇತ್ತು. ಮೊದ್ದು ಆ ಹಿಡಿಯನ್ನೇ ಹಿಡಿದು ಎತ್ತಿ, ತಿರುಗಿ, ಎದುರಿಗೆ ನಿಂತ ನನಗೆ ಕೊಟ್ಟಿತು. "ಲೋಟ" ಅಂದಿತು.

"ನಮ್ಮಮ್ಮ ಕಲ್ಸಿದ್ದು" ಅಂದೆ ಅಧಿಕಾರಿಗೆ. ಅವರು ಕೇಳಿರಲಿಲ್ಲ, ನಾನೇ ಹೇಳಿದೆ. ಹೊರಗೆ ಬಂದು ಕಂಡಕ್ಟರ್ ಅಣ್ಣನಿಗೂ ಹೇಳಿದೆ, ಸ್ಟೂಲಿನವರಿಗೂ ಹೇಳಿದೆ.

ಒಂದೇ ಒಂದು ತಪ್ಪು ಹೇಳಿತು. ಅದೇನು ದೊಡ್ಡದಲ್ಲ ಅಂದ್ರು ಎಲ್ಲರೂ. ಅದನ್ನು ಇಲ್ಲಿ ಬರೆಯಲ್ಲ.

ನಿನ್ನ ಕೆಲಸ ಉಳಿಯಿತು. ಇನ್ನು ನೀನು ಬರಲೇಬೇಕು ಅಂತೇನಿಲ್ಲ.

ಇಂತಿ, ಹೆಮ್ಮೆಯಿಂದ,
ಮಗಳು

*

ಆಗಸ್ಟ್ ೧೦

ಮಗಳೇ,

ನಿನ್ನ ಕಾಗದವನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆನೆಯ ಕಿವಿಗೆ ದರ್ಜಿಯವರು ಬಹಳ ನಕ್ಕರು. ಮೊದ್ದು ವಾಪಸು ಬಂದು ತನ್ನ ಜಾಗದಲ್ಲಿ ನಿಂತಿದೆ. ಅದರ ಹೆಸರು ಬದಲಾಯಿಸಬೇಕು ಅಂದೆ. "ಗೆದ್ದ ಮೇಲೆ ಹೆಸರು ಬದ್ಲಾಯ್ಸಿದ್ರೆ ದೃಷ್ಟಿಯಾಗತ್ತೆ" ಅಂತ ಅವರು ಒಪ್ಪಲಿಲ್ಲ.

ಆ ಕೋಣೆಯಲ್ಲಿ ಅದು ಕಂಡ ಫೋಟೋಗಳು ಎಲ್ಲವೂ ಇಲ್ಲಿಗೆ ಬಂದಿವೆ. ಸರಿಯಿದ್ದದ್ದನ್ನು ಸರಿ ಅಂತ, ತಪ್ಪಿದ್ದದ್ದನ್ನು ತಿದ್ದಿ ಹಿಂದಕ್ಕೆ ಕೊಡಬೇಕು, ಅದರಿಂದ ಅದು ಇನ್ನಷ್ಟು ಕಲಿಯುತ್ತದೆ. ಇಂಜಿನಿಯರಮ್ಮ ನನ್ನ ಮೇಜಿಗೆ ಅವನ್ನು ಹಾಕಿರಲಿಲ್ಲ. ದರ್ಜಿಯವರ ಪರದೆಯಲ್ಲಿ ಕಂಡೆ. "ನೀವು ಬಿಡಿ, ನಾನ್ ಮಾಡ್ತೀನಿ" ಅಂದರು. "ಶಿಷ್ಯ ನನ್ನೋನು. ತಪ್ಪು ತಿದ್ದೋದಕ್ಕೆ ಬೇರೆಯವರು ಯಾಕೆ" ಅಂದು ಕುರ್ಚಿ ಎಳೆದುಕೊಂಡೆ. ಅವರು ಎದ್ದು ಜಾಗ ಕೊಟ್ಟರು.

ಬೀಗ ಹಾಕಿದ ಮೇಲೆ ಆ ಕೋಣೆಯನ್ನು ನಾನು ನೋಡಿದ್ದು ಹೀಗೆ, ಅದರ ಕಣ್ಣಿಂದ. ಪ್ರತಿ ಸಾಮಾನಿನ ಸುತ್ತ ಒಂದು ಹಳದಿ ಚೌಕ, ಮೇಲೆ ಅದರ ಹೆಸರು. ಕುರ್ಚಿ. ಸರಿ. ಸುತ್ತಿಗೆ. ಸರಿ. ಲೋಟ. ಸರಿ. ಛತ್ರಿಗೆ ಹೆಸರು ಬರೆದುಕೊಟ್ಟೆ. ಯಾರೂ ಹಿಡಿದಿರಲಿಲ್ಲ, ಆದರೂ ಎಲ್ಲವೂ ಅವವೇ ಆಗಿ ಕೂತಿದ್ದವು.

ಆಮೇಲೆ ಕಿಟಕಿಯ ಪಕ್ಕದ ಫೋಟೋ. ಮೊಳೆಯಲ್ಲಿ ಕೋಟು, ಅದರ ಮೇಲೆ ಟೋಪಿ. ಸುತ್ತ ಹಳದಿ ಚೌಕ. ಮೇಲೆ "ಮನುಷ್ಯ" ಅಂತಿತ್ತು.

ನೀನು ಬರೆಯದೆ ಬಿಟ್ಟದ್ದು ಇದನ್ನೇ ಅಂತ ಗೊತ್ತಾಯಿತು.

ಲಾಂಡ್ರಿಯವಳಿಗೆ ಇದು ಹೊಸದಲ್ಲ. ಬಹಳ ವರ್ಷ ತೊಟ್ಟ ಬಟ್ಟೆ ತೊಟ್ಟವರ ಮೊಣಕೈಯನ್ನು, ಬಗ್ಗಿದ ಹೆಗಲನ್ನು ಇಟ್ಟುಕೊಂಡುಬಿಟ್ಟಿರುತ್ತದೆ. ಎಷ್ಟು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ. ಆ ಕೋಟಿನ ಬಲಗೈ ಇನ್ನೂ ಮಡಿಚಿಕೊಂಡೇ ಇತ್ತು, ಏನನ್ನೋ ಹಿಡಿದ ಹಾಗೆ. ಮೊದ್ದುವಿನದು ಪೆದ್ದು ತಪ್ಪಲ್ಲ. ಹೆಸರು ಓದುವುದಕ್ಕೆ ಮುಂಚೆ, ಒಂದು ಗಳಿಗೆ, ನಾನೂ ಅದನ್ನೇ ಕಂಡೆ. ಅಷ್ಟು ಸೂಕ್ಷ್ಮವಾಗಿ ನೋಡಲು ಅದಕ್ಕೆ ಕಲಿಸಿದೆವಲ್ಲ ಅಂತ, ಹೇಗೆ ಹೇಳಲಿ, ಅಳುತ್ತಲೇ ಹೆಮ್ಮೆಯಾಯಿತು.

ದರ್ಜಿಯವರು ಹಿಂದೆ ನಿಂತಿದ್ದರು. "ಅದೊಂದನ್ನ ಹಾಗೇ ಬಿಟ್ರೆ ಯಾರಿಗೇನೂ ನಷ್ಟ ಇಲ್ಲ" ಅಂದರು ಮೆಲ್ಲಗೆ.

ನಾಳೆ ಇದು ಯಾವುದೋ ಕಾಯಿಲೆಯವರ ಮನೆಗೆ ಹೋಗುತ್ತದೆ. ಅಲ್ಲಿ ಯಾರಾದರೂ ನೀರು ಕೇಳಿದಾಗ ಗೋಡೆಯ ಮೇಲಿನ ಕೋಟಿಗೆ ಲೋಟ ಕೊಟ್ಟು ಬಂದರೆ?

"ಮನುಷ್ಯ" ಅನ್ನುವುದನ್ನು ಅಳಿಸಿದೆ. "ಕೋಟು" ಅಂತ ಬರೆದೆ. ಸಾಮಾನಿನ ಸುತ್ತ ಗೆರೆ ಬಿಗಿಯಾಗಿ ಎಳೆಯಬೇಕು ಅಂತ ನಮ್ಮ ನಿಯಮ. ಹೆಗಲಿನಿಂದ ಶುರುಮಾಡಿ, ಆ ಮಡಿಚಿದ ತೋಳಿನ ಸುತ್ತ, ಕೆಳಗಿನ ಅಂಚಿನವರೆಗೆ ಎಳೆದೆ. ಕೈ ನಡುಗಲಿಲ್ಲ.

ಭಾನುವಾರ ಬರುತ್ತೇನೆ. ಕೆಲಸ ಉಳಿದಿರುವುದರಿಂದ ಎರಡು ದಿನ ರಜೆಯನ್ನೂ ಕೊಟ್ಟಿದ್ದಾರೆ. ಸ್ಟೂಲಿನವರಿಗೆ ಅವತ್ತೇ ಬರಲು ಹೇಳು. ಒಂದು ಕಾಲು ಜೋಡಿಸುವುದನ್ನು ನಿಮ್ಮಪ್ಪನ ಪಕ್ಕದಲ್ಲಿ ಕೂತು ಇಷ್ಟು ವರ್ಷ ನೋಡಿದ್ದೇನೆ. ಸೊಟ್ಟಗಾದರೆ ಅವರು ಬೈದುಕೊಳ್ಳಲಿ. ವಾಚು ಕಟ್ಟಿಕೊಂಡೇ ಬರುತ್ತೇನೆ, ಅಲ್ಲಿ ಅದನ್ನು ನೋಡಿ ತಪ್ಪು ಕಲಿಯುವವರು ಯಾರೂ ಇಲ್ಲ.

ಬಾಗಿಲು ತೆರೆದಿಡು. ಆ ಲೋಟದಿಂದ ಬ್ರಷ್ ತೆಗೆದು ಬಿಸಿನೀರಿನಲ್ಲಿ ನೆನೆಹಾಕು. ಗೋಂದು ಬಿಡಲು ಹೊತ್ತಾಗುತ್ತದೆ. ಬಂದು ಅದರಲ್ಲೇ ಟೀ ಕುಡಿಯುತ್ತೇನೆ, ಹಿಡಿ ಹಿಡಿದುಕೊಂಡು.

ನಿನ್ನ
ಅಮ್ಮ